ಕಿಡಿ ಬಿಡದ ಬೋಳಣ್ಣ

ಬೋಳಣ್ಣನ ಮೋಟಾರು ತಿರುಗುತ್ತಿತ್ತು. ಬೆಲ್ಟು ಓಡುತ್ತಿತ್ತು. ಕಿಡಿ ಮಾತ್ರ ಬರಲಿಲ್ಲ.

ನೆಲಕ್ಕೆ ತಂತಿ ಕಟ್ಟಿದ ಕಿಡಿಕೋಲನ್ನು ನಾನು ಅವನ ತಲೆಯ ಹತ್ತಿರ ತಂದೆ. ಗೇಣು ದೂರದಲ್ಲಿ ಹಿಡಿದೆ, ನಾಲ್ಕು ಬೆರಳು ದೂರದಲ್ಲಿ ಹಿಡಿದೆ, ಬೆರಳಿನಷ್ಟು ಸಂದು ಬಿಟ್ಟು ಹಿಡಿದೆ. ಕೊನೆಗೆ ಕೋಲಿನ ತುದಿಯ ಗುಂಡು ಅವನ ಬುರುಡೆಗೆ ಟಣ್ ಅಂತ ತಾಗಿಯೇಬಿಟ್ಟಿತು. ಏನೂ ಇಲ್ಲ.

"ಮೈ ಮುಟ್ಟಿ ಮಾತಾಡಿಸಿದರೂ ತಿರುಗಿ ನೋಡ್ತಿಲ್ಲವಲ್ಲ. ನಿಮ್ಮ ಮೇಲೆ ಮುನಿಸೇ ಇರಬೇಕು," ಅಂದ ಸೈರನ್.

ಸೈರನ್ ನಮ್ಮ ವಿಜ್ಞಾನ ಭವನದ ಕಾವಲುಗಾರ. ಅವನು ಸೀನಿದರೆ ಮೇಲಿನ ಮಹಡಿ ನೋಡಲು ಬಂದ ಶಾಲೆ ಮಕ್ಕಳು ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡು ಸಾಲಾಗಿ ಮೆಟ್ಟಿಲಿಳಿಯುತ್ತಾರೆ. ಆ ಹೆಸರು ಬಿದ್ದದ್ದು ಹಾಗೆ. ಯಂತ್ರಕ್ಕೆ ಬೋಳಣ್ಣ ಅಂತ ಹೆಸರಿಟ್ಟವನೂ ಅವನೇ. ಅದರ ಫಲಕದ ಮೇಲೆ ವ್ಯಾನ್ ಡಿ ಗ್ರಾಫ್ ಜನರೇಟರ್ ಅಂತ ದೊಡ್ಡ ಅಕ್ಷರದಲ್ಲಿದೆ. ಆದರೆ ಎದೆಮಟ್ಟದ ಕಂಬ, ಅದರ ತುದಿಯಲ್ಲಿ ಥಳಥಳ ಹೊಳೆಯುವ ಟೊಳ್ಳು ಲೋಹದ ಬುರುಡೆ ನೋಡಿದವರಿಗೆ ಇನ್ನೇನು ಹೆಸರು ಹೊಳೆಯಬೇಕು? "ತನ್ನ ತಲೆ ಮೇಲೆ ಒಂದು ಕೂದಲಿಲ್ಲ, ಊರವರ ಕೂದಲನ್ನೆಲ್ಲ ನಿಮಿರಿಸಿ ನಿಲ್ಲಿಸ್ತಾನೆ. ಅದೂ ಬೋಳುತಲೆಗೆ ಎರಡೆರಡು ಬಾಚಣಿಗೆ!" ಎಂದು ಸೈರನ್ ಬಂದವರಿಗೆಲ್ಲ ಹೇಳುತ್ತಾನೆ. ಬಾಚಣಿಗೆಯ ಮಾತು ನಿಜ. ಲೋಹದ ಹಲ್ಲುಗಳ ಬಾಚಣಿಗೆ ಬುಡದಲ್ಲೊಂದು, ಬುರುಡೆಯ ಒಳಗೊಂದು ಇದೆ.

ನಾನು ಈ ಭವನದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತವಳು. ಹಗಲು ಟಿಕೆಟ್ ಹರಿದು ಕೊಟ್ಟು, ಸಂಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದೆ. ಓದಿದೆ ಅನ್ನುವುದಕ್ಕಿಂತ ತೂಕಡಿಸುತ್ತಾ ಕೇಳಿಸಿಕೊಂಡೆ ಅನ್ನಬೇಕು. ಪಾಸೇನೋ ಆಯಿತು. ಆದರೆ ಆ ಪಾಸು ನನ್ನದು ಹೌದೋ ಅಲ್ಲವೋ ಅನ್ನುವ ಅನುಮಾನ ಈಗಲೂ ಹೋಗಿಲ್ಲ. ಪ್ರದರ್ಶನದ ಯಂತ್ರಗಳ ಮುಂದೆ ನಿಂತು ಜನಕ್ಕೆ ವಿವರಿಸುತ್ತಿದ್ದವರು ನಿವೃತ್ತರಾದಾಗ ನಾನು ಹೇಗೋ ಧೈರ್ಯ ಮಾಡಿ, ಆ ಕೆಲಸ ನನಗೆ ಕೊಡಿ ಅಂತ ಮೇಡಂ ಹತ್ತಿರ ಕೇಳಿದ್ದೆ. ಮೇಡಂ ಭವನದ ಮುಖ್ಯಸ್ಥೆ. ಮಾತು ಕಡಿಮೆ, ಆಡಿದ್ದು ಪಕ್ಕಾ.

"ಶನಿವಾರ ಬೆಳಿಗ್ಗೆ ಭವನದ ಸಮಿತಿಯ ಹಿರಿಯರೊಬ್ಬರು ಬರ್ತಾರೆ. ಬೋಳಣ್ಣ ಕಿಡಿ ಬಿಡಬೇಕು, ಅದು ಹೇಗೆ ಬಂತು ಅಂತ ನೀವು ಜನಕ್ಕೆ ತಿಳಿಯೋ ಹಾಗೆ ಹೇಳಬೇಕು. ಎರಡೂ ಆದರೆ ಆ ಜಾಗ ನಿಮ್ಮದು. ಆಗದಿದ್ದರೆ ಅವನು ಉಗ್ರಾಣಕ್ಕೆ, ನೀವು ಕಿಟಕಿಗೆ," ಅಂದಿದ್ದರು.

ಎರಡರಲ್ಲಿ ನನಗೆ ಭಯ ಇದ್ದದ್ದು ಎರಡನೆಯದರದ್ದು, ಹೇಳುವುದರದ್ದು. ಕಿಡಿಯ ಬಗ್ಗೆ ಚಿಂತೆಯೇ ಇರಲಿಲ್ಲ. ಬೋಳಣ್ಣ ಯಾವತ್ತೂ ಕೈಕೊಟ್ಟವನಲ್ಲ. ಹಿಂದಿನ ವಾರ ಅವನನ್ನು ಗೋಡೆಯ ಕಡೆ ಸರಿಸುವಾಗ ಕಂಬದ ಪಾರದರ್ಶಕ ಕೊಳವೆ ಸೀಳುಬಿಟ್ಟಿತು. ಆಗಲೂ ಸೀಳಿಗೆ ಟೇಪು ಸುತ್ತಿ ಚಾಲೂ ಮಾಡಿದರೆ ಚಟ್ ಚಟ್ ಅಂತ ಕಿಡಿ ಹಾರಿಸಿದ್ದ. ಆದರೆ ಟೇಪು ಸುತ್ತಿದ ಯಂತ್ರವನ್ನು ಸಮಿತಿಯ ಮುಂದೆ ನಿಲ್ಲಿಸುವುದು ಹೇಗೆ? ಹೊಸ ಕೊಳವೆ ತರಿಸಲು ತಿಂಗಳುಗಳೇ ಬೇಕು. ಯಾರಾದರೂ ಗೊತ್ತಿದ್ದವರು ಇದ್ದರೆ ಕರೆಸಿ ಅಂದರು ಮೇಡಂ. ನನಗೆ ಗೊತ್ತಿದ್ದವರು ನನ್ನ ಭಾವ.

ಭಾವ ಬಡಗಿ. ನಾನಿರುವುದು ಅಕ್ಕ, ಭಾವನ ಜೊತೆ, ಬೀದಿ ಕೊನೆಯ ಮನೆಯ ಮಹಡಿಯಲ್ಲಿ. ಅವರು ಮಾಡಿದ ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತದೆ. ಅವರು ನಿಲ್ಲಿಸಿದ ಕಪಾಟಿನ ಮೇಲೆ ಗೋಲಿ ಇಟ್ಟರೆ ಉರುಳುವುದಿಲ್ಲ. ವಾರದ ರಜೆಯ ದಿನ ಭವನಕ್ಕೆ ಬಂದು, ನೀರಿನ ಪೈಪಿನ ಅಂಗಡಿಯಿಂದ ದಪ್ಪನೆಯ ಬೂದುಬಣ್ಣದ ಪ್ಲಾಸ್ಟಿಕ್ ಪೈಪು ತಂದು, ಅಳತೆಗೆ ಕೊಯ್ದು, ಬುಡಕ್ಕೆ ಮರದ ಬಳೆ ಕೂರಿಸಿ, ಬೋಳಣ್ಣನಿಗೆ ಹೊಸ ಬೆನ್ನೆಲುಬು ಕೊಟ್ಟರು. ನಾನು ಆ ದಿನ ಮೇಲಿನ ಮಹಡಿಯಲ್ಲಿ ಫಲಕಗಳ ದೂಳು ಒರೆಸುತ್ತಿದ್ದೆ. ಕೆಳಗೆ ಬರುವಷ್ಟರಲ್ಲಿ ಭಾವ ಕೈ ಕೊಡವಿಕೊಂಡು ನಿಂತಿದ್ದರು.

"ನೋಡು ನಾದಿನಿ, ಮೊದಲು ಕುಡಿದವನ ಹಾಗೆ ವಾಲಿಕೊಂಡಿದ್ದ. ಈಗ ನೋಡು, ಸಿಪಾಯಿ!"

ಹೌದು, ಸಿಪಾಯಿಯ ಹಾಗೇ ನಿಂತಿದ್ದ. ಅವತ್ತಿನಿಂದಲೇ ಕಿಡಿ ನಿಂತುಹೋಯಿತು.

ಸೀಳಿದ ಕಂಬ ಇದ್ದಾಗ ಬರುತ್ತಿದ್ದ ಕಿಡಿ, ಕಂಬ ಸರಿಯಾದ ಮೇಲೆ ಬಾರದೆ ಹೋಗುವುದು ಅಂದರೇನು? ನನಗೆ ತಲೆಬುಡ ತಿಳಿಯಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಅನ್ನುವುದು ಚಿಕ್ಕ ಮಗುವಿಗೂ ಗೊತ್ತು. ಇದು ಬೇರೆ ಥರದ ಪ್ಲಾಸ್ಟಿಕ್ಕೋ ಏನೋ ಅಂತ, ಕೊಯ್ದು ಉಳಿದ ತುಂಡನ್ನು ಉಣ್ಣೆ ಬಟ್ಟೆಗೆ ತಿಕ್ಕಿ ಕಾಗದದ ಚೂರುಗಳ ಮೇಲೆ ಹಿಡಿದೆ. ಚೂರುಗಳು ಟಪಟಪ ಅಂತ ಎದ್ದು ಅಂಟಿಕೊಂಡವು. ಪ್ಲಾಸ್ಟಿಕ್ಕು ಚೆನ್ನಾಗಿಯೇ ಇದೆ. ಪ್ಲಾಸ್ಟಿಕ್ಕು ಚೆನ್ನಾಗಿದ್ದರೆ ಇನ್ನು ಕೆಟ್ಟದ್ದು ಯಾವುದು? ನನ್ನ ತಿಳಿವಳಿಕೆಯೇ ಇರಬೇಕು.

ನನಗೆ ತಿಳಿದದ್ದು ಇಷ್ಟು. ಬುಡದಲ್ಲಿ ಸಣ್ಣ ಮೋಟಾರಿದೆ, ಹೊಲಿಗೆ ಮೆಷಿನ್ನಿಗೆ ಹಾಕುವಂಥದ್ದು. ಅದು ಒಂದು ಉರುಳೆಯನ್ನು ತಿರುಗಿಸುತ್ತದೆ. ಉರುಳೆಯ ಮೇಲೆ ರಬ್ಬರಿನ ಅಗಲ ಬೆಲ್ಟು ಓಡುತ್ತದೆ, ಬಾವಿಯ ರಾಟೆಗೆ ಹಗ್ಗ ಓಡಿದ ಹಾಗೆ ಮೇಲೆ ಹೋಗಿ, ಬುರುಡೆಯೊಳಗಿನ ಇನ್ನೊಂದು ಉರುಳೆ ಸುತ್ತಿ ಕೆಳಗೆ ಬರುತ್ತದೆ. ಉರುಳೆಗೂ ಬೆಲ್ಟಿಗೂ ತಿಕ್ಕಾಟವಾಗಿ ಚಾರ್ಜು ಹುಟ್ಟುತ್ತದೆ. ಕೆಳಗಿನ ಬಾಚಣಿಗೆಯ ಚೂಪು ಹಲ್ಲುಗಳು ಬೆಲ್ಟಿನ ಮೇಲೆ ಚಾರ್ಜು ಎರಚುತ್ತವೆ. ಬೆಲ್ಟು ಅದನ್ನು ಹೊತ್ತು ಮೇಲೇರುತ್ತದೆ. ಮೇಲಿನ ಬಾಚಣಿಗೆ ಅದನ್ನು ಇಳಿಸಿಕೊಂಡು ಬುರುಡೆಗೆ ಕೊಡುತ್ತದೆ. ಬುರುಡೆ ತುಂಬುತ್ತಾ ತುಂಬುತ್ತಾ ಹೋಗಿ ಲಕ್ಷಗಟ್ಟಲೆ ವೋಲ್ಟು ಆಗುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಇರುವುದು ನೂರರ ಲೆಕ್ಕದ ವೋಲ್ಟು. ಅದು ಲಕ್ಷ ಹೇಗಾಯಿತು? ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ತಲೆ ಗಿರ್ರನೆ ತಿರುಗುತ್ತದೆ.

ಒಂದೇ ಜಾತಿಯ ಚಾರ್ಜುಗಳು ಒಂದನ್ನೊಂದು ತಳ್ಳುತ್ತವೆ. ಬುರುಡೆಯಲ್ಲಿ ಆಗಲೇ ಕಿಕ್ಕಿರಿದು ತುಂಬಿದ್ದರೆ, ಹೊಸದಾಗಿ ಬರುವ ಚಾರ್ಜನ್ನು ಅವು ಒಳಗೆ ಬಿಟ್ಟುಕೊಳ್ಳುವುದಾದರೂ ಯಾಕೆ? ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವರು ಬಿಟ್ಟುಕೊಡುತ್ತಾರೆಯೇ? ಪುಸ್ತಕ ಹೇಳುತ್ತದೆ, ಟೊಳ್ಳು ಲೋಹದ ಒಳಗಡೆ ತಳ್ಳಾಟವೇ ಇರುವುದಿಲ್ಲ, ಒಳಗೆ ಬಂದ ಚಾರ್ಜೆಲ್ಲ ಹೊರಮೈಗೆ ಓಡಿಬಿಡುತ್ತದೆ, ಒಳಗು ಯಾವಾಗಲೂ ಖಾಲಿ, ಅದಕ್ಕೇ ಇಳಿಸುವುದು ಸುಲಭ ಅಂತ. ಹಾಸಿಗೆಯಲ್ಲಿ ಮಲಗಿ ಯೋಚಿಸಿದರೆ ಅರ್ಥವಾದ ಹಾಗೆ ಅನಿಸುತ್ತದೆ. ಹಲ್ಲುಜ್ಜುವಾಗ ಹೋಗಿಬಿಟ್ಟಿರುತ್ತದೆ.

ಕಿಡಿ ನಿಂತದ್ದಕ್ಕೆ ಕಾರಣ ಕೇಳಲು ಸಂಜೆ ಕಾಲೇಜಿನ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಬೈಯದೆ ಏನನ್ನೂ ಹೇಳಿಕೊಡುವವರಲ್ಲ.

"ಏನಮ್ಮಾ, ಇನ್ನೂ ಇದರಲ್ಲೇ ಒದ್ದಾಡ್ತಿದ್ದೀಯಾ? ತಗೋ, ಬರ್ಕೋ. ಹವೆಯಲ್ಲಿ ತೇವ ಇದೆಯಾ? ಬೆಲ್ಟಿನ ಮೇಲೆ ಎಣ್ಣೆ, ದೂಳು? ಬಾಚಣಿಗೆ ಬೆಲ್ಟಿಗೆ ತಾಗ್ತಿದೆಯಾ, ಇಲ್ಲಾ ತೀರಾ ದೂರ ಇದೆಯಾ? ಎಲ್ಲಾ ನೋಡಿ ಆಮೇಲೆ ಅಳು."

"ವೋಲ್ಟು ಅಷ್ಟೊಂದು ಹೇಗೆ ಏರುತ್ತೆ ಅನ್ನೋದೇ ನನಗೆ ಗಟ್ಟಿಯಾಗಿ ಹಿಡಿಸಿಲ್ಲ ಸಾರ್."

"ವೋಲ್ಟು ಅಂದ್ರೆ ಎತ್ತರ ಅಂದ್ಕೋ. ಒಂದು ಚಮಚ ನೀರನ್ನ ಮಹಡಿ ಮೇಲೆ ಇಡಬಹುದು, ಬೆಟ್ಟದ ಮೇಲೂ ಇಡಬಹುದು. ನೀರು ಅಷ್ಟೇ, ಎತ್ತರ ಬೇರೆ. ನಿನ್ನ ಬೋಳಣ್ಣನ ಹತ್ತಿರ ಇರೋದು ಚಮಚದಷ್ಟೇ ಚಾರ್ಜು. ಎತ್ತರ ಮಾತ್ರ ಬೆಟ್ಟದಷ್ಟು. ಅದಕ್ಕೇ ಮುಟ್ಟಿದವರು ಚಿಟ್ಟನೆ ಚೀರ್ತಾರೆಯೇ ಹೊರತು ಸಾಯಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್," ಅಂದೆ. ಫೋನಿಟ್ಟ ಮೇಲೆ, ಬೆಟ್ಟ ಎಲ್ಲಿಂದ ಬಂತು ಅಂತ ಕೇಳಬೇಕಿತ್ತು ಅನ್ನಿಸಿತು.

ಬೆಲ್ಟನ್ನು ಬಿಚ್ಚಿ ಸೋಪಿನಲ್ಲಿ ತೊಳೆದೆ. ಸೋಪು ಉಳಿದಿರಬಹುದೆಂದು ಮತ್ತೆ ಬರೀ ನೀರಿನಲ್ಲಿ ತೊಳೆದೆ. ನೀರು ಉಳಿದಿರಬಹುದೆಂದು ಅಕ್ಕನ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಊದಿದೆ. ಬಾಚಣಿಗೆಗಳನ್ನು ಹತ್ತಿರ ತಂದೆ, ದೂರ ಸರಿಸಿದೆ, ಮತ್ತೆ ಹತ್ತಿರ ತಂದೆ. ಬುರುಡೆಯನ್ನು ಕನ್ನಡಿಯ ಹಾಗೆ ಉಜ್ಜಿದೆ. ಅದರಲ್ಲಿ ನನ್ನ ಮುಖ ಅಗಲವಾಗಿ, ಪೆದ್ದುಪೆದ್ದಾಗಿ ಕಾಣಿಸಿತು. ಕಿಡಿ ಬರಲಿಲ್ಲ.

"ಬೋಳುತಲೆಗೆ ಇಷ್ಟು ಆರೈಕೆ ನಾನೆಲ್ಲೂ ನೋಡಿಲ್ಲ. ನನಗೂ ಸ್ವಲ್ಪ ಬಿಸಿಗಾಳಿ ಊದಿ," ಅಂದ ಸೈರನ್ ತನ್ನ ಟೋಪಿ ತೆಗೆದು.

ಶುಕ್ರವಾರ ಸಂಜೆ ಮನೆಗೆ ಬಂದಾಗ ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ದಿನವಿಡೀ ಊರವರ ಬಟ್ಟೆ ಮಡಿಸಿ, ಮನೆಗೆ ಬಂದು ನಮ್ಮದನ್ನು ಮಡಿಸುತ್ತಾಳೆ. ಭಾವ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದರು.

"ಏನಂತಾನೆ ನಮ್ಮ ಸಿಪಾಯಿ?" ಅಂದರು.

"ಏನೂ ಅನ್ನಲ್ಲ ಭಾವ. ಅದೇ ತೊಂದರೆ."

"ನನ್ನ ಪೈಪಿನದೇ ತಪ್ಪು ಅಂತ ಬಾಯಿಬಿಟ್ಟು ಹೇಳಿಬಿಡು. ಮುಖದ ಮೇಲೆ ಬರ್ಕೊಂಡು ಓಡಾಡಬೇಡ."

"ಪೈಪು ಚೆನ್ನಾಗಿದೆ ಭಾವ, ಪರೀಕ್ಷೆ ಮಾಡಿದ್ದೀನಿ."

"ನನ್ನ ಕೆಲಸ ಪರೀಕ್ಷೆ ಬೇರೆ ಮಾಡಿದ್ದಾಳೆ ಕಣೇ ನಿನ್ನ ತಂಗಿ!" ಎಂದು ಅಕ್ಕನ ಕಡೆ ತಿರುಗಿದರು.

"ನಿಮ್ಮ ಸಾಣೆಕಲ್ಲಿನ ಮೇಲೆ ಇರಲಿ ಗಮನ, ಬೆರಳು ಹೋದೀತು," ಅಂದಳು ಅಕ್ಕ. ನೈಲಾನ್ ಅಂಗಿಯೊಂದನ್ನು ಎಳೆದಾಗ ಅದು ಚರಚರ ಅಂದು ಅವಳ ತೋಳಿಗೆ ಅಂಟಿಕೊಂಡಿತು. ಅವಳು ಪಕ್ಕದ ಬಟ್ಟಲಿನ ನೀರಲ್ಲಿ ಬೆರಳದ್ದಿ ಅಂಗಿಯ ಮೇಲೆ ಸವರಿದಳು. ಸದ್ದು ನಿಂತಿತು. "ನಾವು ಲಾಂಡ್ರಿಯಲ್ಲಿ ಇದನ್ನು ಓಡಿಸೋಕೆ ಒದ್ದಾಡ್ತೀವಿ. ನೀನು ಇದನ್ನು ಹಿಡಿದಿಡೋಕೆ ಒದ್ದಾಡ್ತೀಯ. ನಿನ್ನ ಕೆಲಸ ನನಗಂತೂ ಅರ್ಥ ಆಗಲ್ಲ ಪುಟ್ಟಿ. ಆ ಟಿಕೆಟ್ ಕಿಟಕಿಯಲ್ಲಿ ಫ್ಯಾನಾದರೂ ಇತ್ತು."

ಹಾಗಾದರೆ ತೇವವೇ ಕಾರಣ ಅಂತ ನಾನು ನಿಶ್ಚಯಿಸಿಬಿಟ್ಟೆ. ಅಕ್ಕನ ಒದ್ದೆ ಬೆರಳು ಕಣ್ಣ ಮುಂದೆಯೇ ಅದನ್ನು ತೋರಿಸಿತ್ತಲ್ಲ. ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಂಬ, ಬೆಲ್ಟು, ಉರುಳೆ ಎಲ್ಲಕ್ಕೂ ಕೈ ಸೋಲುವಷ್ಟು ಬಿಸಿಗಾಳಿ ಹಿಡಿದೆ. ಕಂಬ ಮುಟ್ಟಿದರೆ ಬೆಚ್ಚಗಿತ್ತು. ಚಾಲೂ ಮಾಡಿದೆ. ಕೋಲು ಹಿಡಿದೆ. ಟಣ್.

ನಾನು ನೆಲದ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ಅದೂ ಕೈಕೊಟ್ಟಿತು. ಕಿಟಕಿಗೆ ವಾಪಸು ಹೋಗುವುದು ಕಷ್ಟವಲ್ಲ. ಆದರೆ ಅಲ್ಲಿ ಕೂತು, ಒಳಗಿನಿಂದ ಚಟ್ ಅನ್ನುವ ಸದ್ದು ಬಾರದ ಭವನಕ್ಕೆ ಟಿಕೆಟ್ ಹರಿಯಬೇಕಲ್ಲ.

ಮಾಡಲು ಉಳಿದದ್ದು ಒಂದೇ ಇತ್ತು. ಬಾಚಣಿಗೆ ಕೆಲಸ ಮಾಡುತ್ತಿದ್ದರೆ ಅದರ ಹಲ್ಲುಗಳ ತುದಿಯಲ್ಲಿ ಕತ್ತಲಲ್ಲಿ ನೀಲಿ ಹೊಳಪು ಕಾಣಿಸುತ್ತದೆ ಅಂತ ಓದಿದ್ದೆ. "ಪರದೆ ಎಳೆದು ದೀಪ ಆರಿಸ್ತೀಯಾ?" ಎಂದು ಸೈರನ್ನನ್ನು ಕೇಳಿದೆ. ಬೆಳಕಿನ ಪ್ರಯೋಗಗಳಿಗಾಗಿ ನಮ್ಮ ಹಾಲಿಗೆ ದಪ್ಪನೆಯ ಕಪ್ಪು ಪರದೆಗಳಿವೆ. ಅವನು ಎಳೆದ. ಹಾಲು ಕತ್ತಲಾಯಿತು.

ಕೆಳಗಿನ ಬಾಚಣಿಗೆ ಹೊಳೆಯುತ್ತಿತ್ತು. ಹಲ್ಲಿಗೊಂದು ನೀಲಿ ಚುಕ್ಕೆ. ಅಂದರೆ ಚಾರ್ಜು ಬೆಲ್ಟಿನ ಮೇಲೆ ಕೂರುತ್ತಿದೆ, ಮೇಲೆ ಹೋಗುತ್ತಲೂ ಇದೆ. ಮೇಲೆ ಹೋಗಿ ಎಲ್ಲಿ ಮಾಯವಾಗುತ್ತಿದೆ? ಮೇಲಿನ ಬಾಚಣಿಗೆಯನ್ನು ಬುರುಡೆಯ ಅಡಿಯಿಂದ ಇಣುಕಿ ನೋಡೋಣ ಅಂತ ಕಂಬಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿದೆ. ಅಲ್ಲಿ, ಕಂಬದ ಹಿಂಬದಿಯಲ್ಲಿ, ಬುರುಡೆಯಿಂದ ಬುಡದವರೆಗೆ, ನೇರಳೆ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಒಂದರ ಕೆಳಗೊಂದು ಮಿಣಕ್ ಮಿಣಕ್ ಅನ್ನುತ್ತಿದ್ದವು. ಒಂದೂ ಅತ್ತಿತ್ತ ಸರಿದಿರಲಿಲ್ಲ. ಅಷ್ಟು ನೆಟ್ಟಗಿನ ಸಾಲು.

"ದೀಪ ಹಾಕು!" ಎಂದು ಕೂಗಿದೆ. ಗಾಬರಿಯಾಗಿ ಸೈರನ್ ಸೀನಿದ.

ಬೆಳಕಿನಲ್ಲಿ ಬೂದು ಪೈಪಿನ ಮೇಲೆ ಬೂದುಬೂದಾಗಿ ಕಾಣಿಸಿತು, ಭಾವನ ಪೆನ್ಸಿಲ್ ಗೆರೆ. ತೂಗುಗುಂಡು ಇಳಿಬಿಟ್ಟು, ಅದರ ದಾರಕ್ಕೆ ಸರಿಯಾಗಿ ಮೇಲಿನಿಂದ ಕೆಳಗೆ ಎಳೆದ ಗೆರೆ. ಯಾವುದನ್ನೇ ನಿಲ್ಲಿಸಲಿ, ಮೊದಲು ಹಾಗೊಂದು ಗೆರೆ ಎಳೆಯದೆ ಭಾವ ಮುಂದೆ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಅಳಿಸುವುದೂ ಇಲ್ಲ, ಗೆರೆ ನೋಡಿದವರು ಕೆಲಸ ನೋಡಿದ ಹಾಗೆ ಅನ್ನುತ್ತಾರೆ. ಪೆನ್ಸಿಲಿನ ಕಪ್ಪು ಅಂದರೆ ಗ್ರಾಫೈಟು. ಅದರಲ್ಲಿ ಕರೆಂಟು ಹರಿಯುತ್ತದೆ. ಬೋಳಣ್ಣ ಬೆಲ್ಟಿನ ಮೇಲೆ ಹೊತ್ತು ತಂದದ್ದನ್ನೆಲ್ಲ ಆ ಗೆರೆ ಹಿಂಬಾಗಿಲಿನಿಂದ ನೆಲಕ್ಕೆ ಇಳಿಸುತ್ತಿತ್ತು. ಗೆರೆ ಸ್ವಲ್ಪ ಸ್ವಲ್ಪ ಕಡಿದಿದ್ದಲ್ಲೆಲ್ಲ ಹಾರಿ ದಾಟುತ್ತಿದ್ದದ್ದೇ ಆ ಚುಕ್ಕೆಗಳು.

ಚಿಂದಿಗೆ ಸ್ಪಿರಿಟ್ ಹಾಕಿ ಒರೆಸಿದೆ. ತಪ್ಪು ಮಾಡಿದೆ. ಗೆರೆ ಹೋಗುವ ಬದಲು ಹರಡಿ, ದಾರದಷ್ಟಿದ್ದದ್ದು ಅಂಗೈ ಅಗಲದ ಮಸಿಯಾಯಿತು. ಉಜ್ಜಿದಷ್ಟೂ ಪೈಪಿನ ಬೂದು ಯಾವುದು, ಮಸಿಯ ಬೂದು ಯಾವುದು ತಿಳಿಯದಾಯಿತು. ಹೊರಗೆ ಶಾಲೆಯ ಬಸ್ಸು ನಿಂತ ಸದ್ದು ಕೇಳಿಸಿತು. ಭಾವನಿಗೆ ಫೋನ್ ಮಾಡಿದೆ.

"ಭಾವ, ನಿಮ್ಮ ಗೆರೆ ನನ್ನ ಹೊಟ್ಟೆ ಮೇಲೆ ಹೊಡೀತಿದೆ. ತಕ್ಷಣ ಬನ್ನಿ."

ಅಕ್ಕನನ್ನೂ ಕರೆದುಕೊಂಡು ಬಂದರು. ಕತೆ ಕೇಳಿ ಅವರಿಗೆ ನಂಬಿಕೆ ಬರಲಿಲ್ಲ. "ಪೆನ್ಸಿಲ್ ಗೆರೆಯಲ್ಲಿ ಕರೆಂಟಾ? ನನ್ನ ಜೀವಮಾನವೆಲ್ಲ ಗೆರೆ ಎಳೆದಿದ್ದೀನಿ, ಒಂದು ಬಾಗಿಲೂ ಶಾಕ್ ಹೊಡೆದಿಲ್ಲ."

"ಬಾಗಿಲಿಗೆ ಲಕ್ಷ ವೋಲ್ಟು ಇರಲ್ಲ ಭಾವ."

"ಗೆರೆ ಅಳಿಸಿದರೆ ಅವನು ನೆಟ್ಟಗಿದ್ದಾನೆ ಅಂತ ತೋರಿಸೋದು ಹೇಗೆ?"

"ರೀ, ಅವಳ ಕೆಲಸ ಮೊದಲು ನೆಟ್ಟಗಾಗಲಿ," ಅಂದಳು ಅಕ್ಕ. ಅವಳು ಆ ದನಿಯಲ್ಲಿ ರೀ ಅಂದರೆ ಮನೆಯಲ್ಲಿ ಮಾತು ಮುಗಿದ ಹಾಗೆ.

ಭಾವ ಚೀಲದಿಂದ ಮರ ಕೆರೆಯುವ ತೆಳ್ಳನೆಯ ಉಕ್ಕಿನ ಪಟ್ಟಿ ತೆಗೆದರು. ಪೈಪಿನ ಮೈಯಿಂದ ಹೀರೇಕಾಯಿ ಸಿಪ್ಪೆಯ ಹಾಗೆ ತೆಳುಪದರ ಸುರುಳಿ ಸುರುಳಿಯಾಗಿ ಉದುರಿತು. ನಾನು ಹಿಂದೆಯೇ ಒಣಬಟ್ಟೆ ಹಿಡಿದು ನಿಂತೆ. ಎಷ್ಟು ಕೆರೆದರೆ ಸಾಕು? ಪೂರ್ತಿ ಹೋಗಬೇಕೋ, ನಡುವೆ ಕಡಿದರೆ ಸಾಕೋ? ಬೆರಳಗಲ ಕಡಿದರೆ ಕಿಡಿ ಹಾರಿ ದಾಟೀತು. ಗೇಣು ಕಡಿದರೂ ನನಗೆ ಧೈರ್ಯವಿಲ್ಲ. ಪೂರ್ತಿ ಕೆರೆಯಿರಿ ಅಂದೆ. ಬುಡದ ಹತ್ತಿರ ಬಂದಾಗ ಭಾವ ಪಟ್ಟಿ ನಿಲ್ಲಿಸಿ ನನ್ನ ಮುಖ ನೋಡಿದರು. ಹೆಬ್ಬೆರಳುದ್ದ ಗೆರೆ ಉಳಿದಿತ್ತು. ಇರಲಿ ಬಿಡಿ ಅಂದೆ. ಅಷ್ಟು ಕೆಳಗಿದ್ದರೆ ಏನೂ ಆಗುವುದಿಲ್ಲ ಅಂತ ನನ್ನ ಲೆಕ್ಕ. ಲೆಕ್ಕದ ಮೇಲೆ ನಂಬಿಕೆ ಇತ್ತು ಅಂತ ಹೇಳಲಾರೆ.

ಚಾಲೂ ಮಾಡಿ ನೋಡಲು ಸಮಯ ಸಿಗಲಿಲ್ಲ. ಬಾಗಿಲು ತೆರೆದು ಮೇಡಂ ಬಂದರು. ಅವರ ಹಿಂದೆ ಸಮಿತಿಯ ಹಿರಿಯರು, ಅವರ ಹಿಂದೆ ಶಾಲೆಯ ಮಕ್ಕಳು, ಮಕ್ಕಳ ಹಿಂದೆ ದಣಿದ ಮುಖದ ಒಬ್ಬ ಟೀಚರು. ಹಿರಿಯರು ಲಿಫ್ಟು ಕಟ್ಟುವ ಎಂಜಿನಿಯರಾಗಿದ್ದವರಂತೆ. ಕೋಲೂರಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತರು.

"ಶುರು ಮಾಡಿ," ಅಂದರು ಮೇಡಂ.

ಗುಂಡಿ ಒತ್ತಿದೆ. ಮೋಟಾರು ಗುಂಯ್ ಅಂದಿತು. ಬೆಲ್ಟು ಪಟಪಟ ಓಡಿತು. ನನ್ನ ಮುಂಗೈಯ ಕೂದಲಿನ ಮೇಲೆ ಜೇಡರಬಲೆ ಸೋಕಿದ ಹಾಗಾಯಿತು. ಕೋಲು ಎತ್ತುತ್ತಿದ್ದೆ ಅಷ್ಟೇ, ಇನ್ನೂ ಗೇಣು ದೂರವಿತ್ತು. ಚಟ್! ಬೆಳ್ಳಗಿನ ಕಿಡಿ ಸೊಟ್ಟಸೊಟ್ಟಾಗಿ ಹಾರಿ ಕೋಲಿನ ತುದಿಗೆ ಬಡಿಯಿತು. ಮಕ್ಕಳು ಹೋ ಅಂತ ಕಿರುಚಿದರು. ಟೀಚರೂ ಕಿರುಚಿದರು. ನಾನೂ ಕಿರುಚಿದೆ ಅಂತ ಅಕ್ಕ ಆಮೇಲೆ ಹೇಳಿದಳು.

"ಈ ವಾರವೆಲ್ಲ ಇವನಿಗೆ ಏನಾಗಿತ್ತು?" ಎಂದು ಮೇಡಂ ಎಲ್ಲರ ಎದುರೇ ಕೇಳಿದರು. ಮುಚ್ಚಿಡಬೇಕು ಅಂತ ಹೊಳೆಯಲೇ ಇಲ್ಲ. ಕಂಬದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಎಳೆದ ಗೆರೆಯೊಂದಿತ್ತು, ಬುರುಡೆ ಸೇರಿದ ಚಾರ್ಜು ಅದರ ಗುಂಟ ನೆಲಕ್ಕೆ ಇಳಿದುಹೋಗುತ್ತಿತ್ತು, ಗೆರೆ ಕೆರೆದ ಮೇಲೆ ಇಳಿಯಲು ಹಾದಿ ಇಲ್ಲದೆ ಬುರುಡೆಯಲ್ಲೇ ತುಂಬಿಕೊಂಡಿತು ಅಂದೆ.

"ಗೆರೆ ನೆಟ್ಟಗಿತ್ತು. ಅದನ್ನೂ ಹೇಳು," ಅಂದರು ಭಾವ ಹಿಂದಿನಿಂದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ತುಟಿಯ ಕೊನೆ ಮಾತ್ರ ಸ್ವಲ್ಪ ಅಲುಗಿತು.

ಆಮೇಲೆ ನಾನು ಉರುಳೆ, ಬೆಲ್ಟು, ಬಾಚಣಿಗೆ ಎಲ್ಲ ಹೇಳಿದೆ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಟೀಚರು ಕೈ ಎತ್ತಿದರು.

"ಒಂದು ಸಂಶಯ. ಬುರುಡೆ ಆಗಲೇ ತುಂಬಿದೆ ಅಂತೀರಿ. ಮತ್ತೆ ಮತ್ತೆ ಬರೋದನ್ನ ಅದು ಒಳಗೆ ಹೇಗೆ ಬಿಟ್ಟುಕೊಳ್ಳುತ್ತೆ?"

ನನ್ನ ಸಂಶಯ ಅವರ ಬಾಯಿಂದ ಬಂದಿತ್ತು. "ಒಳಗು ಖಾಲಿ," ಅಂದೆ. "ತುಂಬುವುದು ಹೊರಮೈ. ಒಳಗೆ ತಳ್ಳಾಟ ಇಲ್ಲ. ಪುಸ್ತಕದಲ್ಲಿ ಹಾಗಿದೆ. ನಾನು ಕಣ್ಣಾರೆ ನೋಡಿಲ್ಲ."

"ನೋಡೋಕಾಗಲ್ವಾ?" ಅಂದರು ಟೀಚರು.

ಮೂಲೆಯಲ್ಲಿ ತಂತಿ ಜಾಲರಿಯ ಕಸದ ಬುಟ್ಟಿ ಇತ್ತು. ಅದೇನು ಹೊಳೆಯಿತೋ, ಯಂತ್ರ ನಿಲ್ಲಿಸಿದೆ, ಕೋಲಿನಿಂದ ಬುರುಡೆ ಮುಟ್ಟಿ ಉಳಿದ ಚಾರ್ಜು ತೆಗೆದೆ, ಬುಟ್ಟಿಯ ಕಸವನ್ನು ನೆಲಕ್ಕೆ ಸುರಿದೆ. "ಅಯ್ಯೋ, ಈಗಷ್ಟೇ ಗುಡಿಸಿದ್ದು," ಅಂದ ಸೈರನ್. ತೆಳು ಕಾಗದದ ಪಟ್ಟಿಗಳನ್ನು ಹರಿದು ಬುಟ್ಟಿಯ ಅಂಚಿಗೆ ಅಂಟಿಸಿದೆ, ಕೆಲವು ಹೊರಗೆ ಜೋತುಬೀಳುವ ಹಾಗೆ, ಕೆಲವು ಒಳಗೆ. ಬುಟ್ಟಿಯನ್ನು ಬೋಳಣ್ಣನ ತಲೆಯ ಮೇಲೆ ಕೂರಿಸಿದೆ. ಇದು ಆಗದಿದ್ದರೆ ಏನು ಹೇಳುವುದು ಅಂತ ಯೋಚಿಸಿರಲಿಲ್ಲ. ಗುಂಡಿ ಒತ್ತಿದೆ.

ಹೊರಗಿನ ಪಟ್ಟಿಗಳು ಮೆಲ್ಲಗೆ ಅಲುಗಿದವು. ಆಮೇಲೆ ಯಾರೋ ಕೈ ಹಿಡಿದು ಎತ್ತಿದ ಹಾಗೆ ಸುತ್ತಲೂ ಎದ್ದು ಚಾಚಿ ನಿಂತವು. ಒಳಗಿನವು ಜಾಲರಿಯ ಮೂಲಕ ಕಾಣುತ್ತಿದ್ದವು. ಅವು ಸುಮ್ಮನೆ ಜೋತುಬಿದ್ದಿದ್ದವು. ಬಾಗಿಲಾಚೆ ನಡೆಯುವ ಜಗಳಕ್ಕೂ ತಮಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

"ಒಳಗೆ ಜಾಗ ಇದೆ!" ಎಂದು ಒಂದು ಹುಡುಗಿ ಕೂಗಿದಳು.

ಹೌದು, ಒಳಗೆ ಜಾಗ ಇತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದೆ.

ಹಿರಿಯರು ಆಗ ಕೋಲಿನಿಂದ ನೆಲ ಕುಟ್ಟಿದರು. "ಅದು ಸರಿ ತಾಯಿ. ಇಳಿಸೋದು ಸುಲಭ, ಒಪ್ಪಿದೆ. ಆದರೆ ಬುರುಡೆ ಹೊರಗಿನಿಂದ ತಳ್ಳುತ್ತಲ್ಲ? ಬೆಲ್ಟು ಕೆಳಗಿನಿಂದ ಹತ್ತಿ ಬರೋವಾಗ ಆ ತಳ್ಳಾಟಕ್ಕೆ ಎದುರಾಗೇ ಬರಬೇಕಲ್ಲ? ಅದಕ್ಕೆ ದುಡಿಯೋರು ಯಾರು?"

"ಮೋಟಾರು," ಅಂದೆ. ಹೇಳಿದ ಮೇಲೆ ನನಗೆ ಕೇಳಿಸಿತು. ಮೇಷ್ಟ್ರ ಬೆಟ್ಟ ಎಲ್ಲಿಂದ ಬಂತೆಂದರೆ, ಇದರಿಂದ. ಪ್ಲಗ್ಗಿನ ವೋಲ್ಟು ಲಕ್ಷ ಆಗುವುದಿಲ್ಲ. ಪ್ಲಗ್ಗು ಮೋಟಾರನ್ನು ತಿರುಗಿಸುತ್ತದೆ, ಅಷ್ಟೇ ಅದರ ಕೆಲಸ. ಮೋಟಾರು ಒಂದೊಂದು ಹಿಡಿ ಚಾರ್ಜನ್ನೂ ತಳ್ಳಾಟಕ್ಕೆ ಎದುರಾಗಿ ನೂಕಿ ಹತ್ತಿಸುತ್ತದೆ. ನೂಕಿದಷ್ಟೂ ಎತ್ತರ. ಗಾಳಿ ತಡೆಯಲಾರದೆ ಕಿಡಿ ಹಾರುವವರೆಗೂ ಎತ್ತರ. ಇದನ್ನೆಲ್ಲ ತಡವರಿಸುತ್ತಾ ಹೇಳಿದೆ.

"ಹಾಗಿದ್ದರೆ ಹೊರೆ ಹೆಚ್ಚಾದಾಗ ಮೋಟಾರಿಗೆ ಗೊತ್ತಾಗಬೇಕು," ಅಂದರು ಹಿರಿಯರು. "ಲಿಫ್ಟಿಗೆ ಜನ ಹತ್ತಿದರೆ ಅದರ ದನಿ ಬದಲಾಗುತ್ತೆ. ಇದರದ್ದು ಬದಲಾಗುತ್ತಾ?"

"ಗೊತ್ತಿಲ್ಲ ಸಾರ್. ಕೇಳಿಸಿಕೊಂಡಿಲ್ಲ. ಹೊರೆ ತುಂಬಾ ಸಣ್ಣದು, ಕೇಳಿಸದೆಯೂ ಇರಬಹುದು."

ಅವರು ಎದ್ದು ಬಂದರು. ಕೋಲನ್ನು ಸೈರನ್ ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಬೋಳಣ್ಣನ ಬುಡಕ್ಕೆ ಕಿವಿ ಇಟ್ಟರು. ನಾನು ಇನ್ನೊಂದು ಬದಿಯಲ್ಲಿ ನೆಲಕ್ಕೆ ಕೂತು ಕಿವಿ ಇಟ್ಟೆ. ಬುಟ್ಟಿ ಇಳಿಸಿದ್ದೆವು. ಮೇಡಂ ತಾವೇ ಕಿಡಿಕೋಲು ಹಿಡಿದರು. ಗುಂಯ್ ಅನ್ನುವ ಸದ್ದು ಬುರುಡೆ ತುಂಬಿದ ಹಾಗೆ ಕೂದಲೆಳೆಯಷ್ಟು ಇಳಿದ ಹಾಗಿತ್ತು. ಚಟ್ ಅಂದ ಕೂಡಲೇ ಮತ್ತೆ ಏರಿದ ಹಾಗಿತ್ತು. ಇರಲಿಲ್ಲವೋ ಏನೋ.

"ಇಳೀತಲ್ಲ?" ಅಂದರು ಹಿರಿಯರು.

"ಇಳೀತು ಅನ್ನಿಸ್ತು ಸಾರ್. ಆದರೆ ಇಳೀಬೇಕು ಅಂತ ನಾನು ಕಾಯ್ತಾ ಇದ್ದೆ. ಅದಕ್ಕೆ ಹಾಗೆ ಅನ್ನಿಸಿದ್ದೋ ಏನೋ."

"ನನಗೂ ಅದೇ. ಇನ್ನೊಂದು ಸಲ."

ಇನ್ನೊಂದು ಸಲ ಕೇಳಿದೆವು. ಇಳಿಯಲಿಲ್ಲ ಅಂದರು ಅವರು. ಇಳಿಯಿತು ಅಂದೆ ನಾನು. ಮಕ್ಕಳು ತಮಗೂ ಕೇಳಬೇಕು ಅಂತ ಸಾಲು ನಿಂತರು. ಟೀಚರು ಬಸ್ಸಿನ ಹೊತ್ತಾಯಿತು ಅಂದರೂ ಯಾರೂ ಕದಲಲಿಲ್ಲ.

"ಸಾರ್, ನಿಮ್ಮ ತೀರ್ಮಾನ?" ಎಂದು ಮೇಡಂ ಕೇಳಿದರು.

"ಯಾವುದರ ಬಗ್ಗೆ?"

"ಇವರನ್ನ ಇಲ್ಲಿ ಇಟ್ಟುಕೊಳ್ಳೋದೋ ಬೇಡವೋ ಅಂತ."

ಹಿರಿಯರು ತಲೆ ಎತ್ತಲೂ ಇಲ್ಲ. "ಇವರು ಹೋದರೆ ಮೋಟಾರಿನ ದನಿ ಯಾರು ಕೇಳಿಸಿಕೊಳ್ತಾರೆ? ಸೋಮವಾರ ಕರೆಂಟು ಅಳೆಯೋ ಮೀಟರು ತರ್ತೀನಿ. ಕಿವಿಯಿಂದ ಇದು ತೀರ್ಮಾನ ಆಗಲ್ಲ. ನೀವು ಟಿಕೆಟ್ ಕಿಟಕಿಗೆ ಯಾರನ್ನಾದರೂ ನೋಡಿಕೊಳ್ಳಿ. ತಾಯಿ, ಇನ್ನೊಂದು ಸಲ ಹಾಕಿ."

ಮೇಡಂ ಏನಂದರೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಅಕ್ಕ ಹಿಂದಿನಿಂದ ಭಾವನ ತೋಳು ಚಿವುಟಿದ್ದು, ಭಾವ ಅಯ್ಯೋ ಅಂದದ್ದು ಕೇಳಿಸಿತು. ನಾನು ಗುಂಡಿ ಒತ್ತಿ ಮತ್ತೆ ಬುಡಕ್ಕೆ ಕಿವಿ ಇಟ್ಟೆ. ಇಳಿಯುತ್ತಿದೆಯೋ ಇಲ್ಲವೋ ಈ ಸಲವೂ ತಿಳಿಯಲಿಲ್ಲ.